ಆಯಿಯ ಕೊರಳಿನ ಕರಡಿಗೆ

ಮಾರ್ಚ್ ಒಂಬತ್ತು, ಭಾನುವಾರ, ಬೆಳಿಗ್ಗೆ ಹತ್ತೂವರೆ. ಕಮಲಾಪುರದಲ್ಲಿ ಕಾಕಾನ ಮನೆಯ ಹೊಸ್ತಿಲು ದಾಟಿದಾಗ ಮೊದಲು ಕೇಳಿಸಿದ್ದು ಸ್ಟೀಲ್ ಚಮಚ ಹಲ್ಲಿಗೆ ಬಡಿಯುವ ಸಪ್ಪಳ.

ಆಯಿ, ಅಂದರೆ ನನ್ನ ತಂದೆಯ ತಾಯಿ, ಗೋಡೆಗೆ ಒರಗಿ ಕೂತಿದ್ದಳು. ಕಾಕಾ ಎಡಗೈಯಿಂದ ಅವಳ ದವಡೆ ಒತ್ತಿ ಹಿಡಿದು, ಬಲಗೈಯಿಂದ ಅಂಬಲಿ ಹಾಕುತ್ತಿದ್ದ. ನಾನು ಎಣಿಸುವ ಚಾಳಿಯವಳು. ಕುಸನೂರಿನ ನಮ್ಮ ಮನೆಯಲ್ಲಿ ಕರೆಂಟು ಹೋದ ಹೊತ್ತನ್ನೂ ಬರೆದಿಡುತ್ತೇನೆ. ಆರು ಚಮಚ ಹಾಕಿದ. ಒಳಗೆ ಹೋದದ್ದು ಒಂದು. ಉಳಿದದ್ದು ಸೆರಗಿನ ಮೇಲೆ.

“ಅರವತ್ತಕ್ಕ ಅರಳು ಮರಳು ಅಂತಾರ, ಇವ್ರಿಗೆ ಎಂಬತ್ತು ದಾಟ್ಯಾವ,” ಎಂದಳು ಕಾಕಿ. “ಬುಧವಾರದಿಂದ ಇದೇ ಹಟ. ಸಂಜೀತನಕ ಉಣ್ಣಲಿಲ್ಲಂದ್ರ ಕಲಬುರಗಿಗೆ ಒಯ್ದು ಮೂಗಿಗೆ ನಳಿಗಿ ಹಾಕಸ್ರಿ ಅಂದಾರ ಡಾಕ್ಟರು.”

ಮಂಗಳವಾರ ಆಯಿ ಬಚ್ಚಲಲ್ಲಿ ಜಾರಿ ಬಿದ್ದಿದ್ದಳು. ಕಾಕಾ ಅಂದೇ ಕಲಬುರಗಿಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದ್ದ. ತಲೆಗೇನೂ ಪೆಟ್ಟಾಗಿರಲಿಲ್ಲ. ಊಟ ನಿಂತದ್ದು ಮರುದಿನದಿಂದ.

“ಕೈ ತೆಗಿ ಕಾಕಾ.”

“ನೀ ನಾಕ ತಾಸಿಗೆ ಬಂದಾಕಿ. ಉಪಾಸ ಸತ್ಳು ಅಂದ್ರ ಊರು ನನ್ನ ಮುಖಕ್ಕ ಉಗಳ್ತದ.”

“ತೆಗಿ ಅಂದೆ.”

ತೆಗೆದ. ಗಲ್ಲದ ಎರಡೂ ಬದಿಗೆ ಬೆರಳ ಗುರುತುಗಳು ನೀಲಿಗಟ್ಟಿದ್ದವು. ಕೆಲವು ಇಂದಿನವಲ್ಲ. ನಾನು ಬಾಯಿ ಒರೆಸುತ್ತಿದ್ದಾಗ ಆಯಿ ಕೊರಳಿನ ಲಿಂಗದ ಕರಡಿಗೆ ಮುಟ್ಟಿಕೊಂಡು, “ಇದು ನಂದಲ್ಲ,” ಎಂದಳು.

“ಕೇಳಿದ್ಯಾ?” ಕಾಕಿ ನಕ್ಕಳು. “ನಿನ್ನಿ ಮಗಾನೂ ನಂದಲ್ಲ ಅಂದಾರ.”

“ಹಂಗಂದಿಲ್ಲ ನಾ. ನನ್ನ ಮಗ ಹಿಂಗ ಹಿಡಿಯಂಗಿಲ್ಲ ಅಂದೆ.”

ಅರಳು ಮರಳಾದವರ ಮಾತು ಹೀಗಿರುವುದಿಲ್ಲ. ನಾನು ಪಕ್ಕದಲ್ಲಿ ಕೂತೆ.

ಆಯಿಗೆ ಕಣ್ಣು ಮಂಜು. ಆದರೂ ದಿನಾ ಸ್ನಾನ ಮಾಡಿ, ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟು ಪೂಜಿಸದೆ ಅವಳು ನೀರನ್ನೂ ಮುಟ್ಟುವುದಿಲ್ಲ. ಮದುವೆ ಮನೆಗಳಲ್ಲಿ ಇಡೀ ಪಂಕ್ತಿ ಅವಳಿಗಾಗಿ ಕಾದದ್ದುಂಟು.

“ನಂದಿನ ಮುಚ್ಚಳ ಸಡಿಲಿತ್ತು, ಇದು ಬಿಗಿ ಅದ,” ಎಂದಳು ಆಯಿ. “ಒಳಗಿಂದೂ ಹಗುರ. ಎಪ್ಪತ್ತು ವರ್ಷ ಅಂಗೈಯಾಗ ಹಿಡದೀನಿ. ನನಗ ಗೊತ್ತಾಗಂಗಿಲ್ಲೇನು?”

“ಸ್ಕ್ಯಾನಿಗೆ ಕರಡಿಗಿ ತೆಗಸಿದ್ರಲ್ಲ ಕಾಕಾ, ಯಾರ ಕೈಯಾಗಿತ್ತು?”

ಕಾಕಾ ಚಮಚವನ್ನು ಬಟ್ಟಲಿಗೆ ಇಳಿಸಿದ. ಒಲೆಯ ಮೇಲೆ ಹಾಲು ಉಕ್ಕಿತು, ಕಾಕಿ ಏಳಲಿಲ್ಲ.

“ಅಂಗಿ ಕಿಸೇದಾಗ ಇಟ್ಟಿದ್ದೆ,” ಎಂದ ಕಾಕಾ. “ದವಾಖಾನಿಯಿಂದ ಆಟೋದಾಗ ಸ್ಟೇಶನ್ ಬಜಾರಕ್ಕ ಬಂದು ಇಳದಾಗ ಇರಲಿಲ್ಲ. ಅವ್ವ ಇನ್ನಾ ಗುಳಿಗಿ ಮಂಪರಿನಾಗಿದ್ಳು. ಅಲ್ಲೇ ಒಂದು ಅಂಗಡ್ಯಾಗ ಹಂತಾದೇ ತಗೊಂಡು ಕೊರಳಿಗೆ ಕಟ್ಟಿದೆ.”

ಕಾಕಿಯ ನಗು ಅಲ್ಲಿಗೆ ನಿಂತಿತು. ಅವಳಿಗೂ ಗೊತ್ತಿರಲಿಲ್ಲ. ನಮ್ಮ ಮಂದಿಯಲ್ಲಿ ಲಿಂಗ ಕಳೆದರೆ ಪ್ರಾಣ ಬಿಟ್ಟ ಹಿರಿಯರ ಕತೆಗಳಿವೆ. ಕಾಕಾ ಅವನ್ನು ಕೇಳಿಯೇ ಬೆಳೆದವನು.

“ಕಳದದ ಅಂತ ಹೇಳಿದ್ರ ನಾ ಸಾಯ್ತೀನಿ ಅಂದ್ಕೊಂಡ್ಯಾ?” ಆಯಿ ಕೇಳಿದಳು.

“ಹೂಂ ಯವ್ವಾ.”

“ಹೇಳದೇನೇ ಸಾಯಸಾಕತ್ತಿದ್ದಿ.”

ಕಾಕಾ ಎದ್ದು ಮಠಕ್ಕೆ ಹೋದ. ಹನ್ನೆರಡಕ್ಕೆ ಅಯ್ಯನವರು ಬಂದರು. ಅವರು ಬೈಯಲಿಲ್ಲ. ಬೇರೊಂದು ಲಿಂಗ ಆಯಿಯ ಅಂಗೈಗಿಟ್ಟು ಕಿವಿಯಲ್ಲಿ ಮಂತ್ರ ಹೇಳಿದರು. ಅವಳು ಬಹಳ ಹೊತ್ತು ಅದನ್ನು ಬೆರಳಲ್ಲಿ ತಡವುತ್ತಿದ್ದಳು. ಒಪ್ಪದಿದ್ದರೆ ಸಂಜೆಗೆ ನಳಿಗೆ.

“ನಂದು ಸಿಗೋತನಕ ಇದು,” ಎಂದಳು.

ಪೂಜೆ ಮುಗಿಯಿತು. ಕಾಕಾ ಬಿಸಿ ಅಂಬಲಿ ತಂದು ಚಮಚ ಎತ್ತಿದ. ಆಯಿಯ ಗಲ್ಲ ತಾನಾಗಿಯೇ ಹಿಂದಕ್ಕೆ ಸರಿಯಿತು. ಅವನು ಅದನ್ನು ನೋಡಿದ. ಚಮಚ ಕೆಳಗಿಟ್ಟ.

“ಬಟ್ಟಲಾ ನನ್ನ ಕೈಯಾಗ ಕೊಡು,” ಎಂದಳು ಆಯಿ.

ಸ್ವಲ್ಪ ಚೆಲ್ಲಿತು. ಅರ್ಧ ಬಟ್ಟಲು ಕುಡಿದಳು. ನಳಿಗೆ ಬೇಕಾಗಲಿಲ್ಲ. ಆದರೆ ಆ ದಿನದಿಂದ ಕಾಕಾನ ಕೈ ಹತ್ತಿರ ಬಂದಾಗಲೆಲ್ಲ ಅವಳು ಮುಖ ತಿರುಗಿಸುತ್ತಾಳೆ, ಕೊರಳು ತಡವಿಕೊಂಡು “ಸಿಕ್ತೇನು?” ಎಂದು ಕೇಳುತ್ತಾಳೆ.

ಕಲಬುರಗಿಯ ಸ್ಟೇಶನ್ ಬಜಾರದ ಕಡೆಗೆ ಬಂದ ಆಟೋದಲ್ಲಿ, ಮಾರ್ಚ್ ನಾಲ್ಕು, ಮಂಗಳವಾರ ಮಧ್ಯಾಹ್ನ ಕಳೆದದ್ದು. ಬೆಳ್ಳಿ ಕರಡಿಗೆ, ಸಡಿಲ ಮುಚ್ಚಳ, ಒಂದು ಬದಿ ನೆಗ್ಗಿದೆ, ಬಿಳಿ ದಾರ. ಯಾರಿಗಾದರೂ ಸಿಕ್ಕಿದ್ದರೆ, ಸಿಕ್ಕವರ ಸುದ್ದಿ ಗೊತ್ತಿದ್ದರೆ, ಈ ಪುಸ್ತಕ ಅಚ್ಚು ಹಾಕಿದವರ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಬೆಳ್ಳಿ ನೀವೇ ಇಟ್ಟುಕೊಳ್ಳಿ. ಒಳಗಿರುವುದು ಸಾಕು.