ಹಲಗೆಯ ಮೇಲಿನ ಖಾಲಿ ಗುರುತು

ಪರ್ಕಳದ ನಮ್ಮ ನೆರೆಮನೆಯವರು ದೂರದ ಯಾವುದೋ ವಿಮಾನ ನೆಲೆಯಲ್ಲಿ, ಬಿಡಿಭಾಗವೂ ಸಿಗದ ಹಳೆಯ ಯುದ್ಧವಿಮಾನಗಳನ್ನು ರಿಪೇರಿ ಮಾಡುತ್ತಿದ್ದವರು. ನಿವೃತ್ತರಾದ ಮೇಲೆ ಸ್ಕೂಟರ್ ರಿಪೇರಿಗೆ ಕುಳಿತರು. ಗೋಡೆಯ ಹಲಗೆಯ ಮೇಲೆ ಪ್ರತಿ ಸ್ಪಾನರಿನ ಆಕಾರವನ್ನೂ ಬಣ್ಣದಲ್ಲಿ ಬರೆದಿದ್ದರು. ಎಲ್ಲವೂ ತಂತಮ್ಮ ಜಾಗಕ್ಕೆ ಬಂದ ಮೇಲೆಯೇ "ಇನ್ನು ಹೋಗಬಹುದು" ಎನ್ನುತ್ತಿದ್ದರು.

ಒಮ್ಮೆ ನಾನು ರಿಪೇರಿಯಾದ ಸ್ಕೂಟರ್ ಹತ್ತಿ, ಆ ಮಾತಿಗೆ ಕಾಯದೆ ಕಾಪುವಿಗೆ ಹೊರಟುಬಿಟ್ಟೆ. ಮಣಿಪಾಲ ದಾಟುವ ಮೊದಲೇ ಅವರು ಬಾಡಿಗೆ ಕಾರಿನಲ್ಲಿ ಬಂದು ಅಡ್ಡ ನಿಂತರು.

"ಒಂದು ಸ್ಪಾನರ್ ಕಡಿಮೆ ಉಂಟು."

ಸ್ಕೂಟರನ್ನೆಲ್ಲ ತಡಕಿದರು. ಕೊನೆಗೆ ಅದು ಅವರ ಕಿಸೆಯಲ್ಲೇ ಇತ್ತು. ನಾನು ನಕ್ಕೆ. ಅವರು ನಗಲಿಲ್ಲ.

"ಸರ್ವಿಸಿನಲ್ಲಿ ಒಮ್ಮೆ ಹೀಗೇ ಒಂದು ಕಡಿಮೆ ಬಂತು. ನೋಡುವಾಗ ವಿಮಾನ ಹಾರಿ ಆಗಿತ್ತು."

"ಬಿತ್ತಾ?"

"ಇಲ್ಲ, ಬಂತು. ಸ್ಪಾನರ್ ಅದರೊಳಗೇ ಇರಬೇಕು. ನಾನು ಯಾರಿಗೂ ಹೇಳಲಿಲ್ಲ. ಆ ವಿಮಾನ ಈಗಲೂ ಹಾರುತ್ತಾ ಉಂಟು."