ದಮ್ ಸಾಲದ ಕಾರು

ಜೋಗುಪಾಳ್ಯದ ನಮ್ಮ ಬೀದಿಯ ಮೆಕ್ಯಾನಿಕ್‌ಗೆ ಚೆನ್ನಾಗಿ ಓಡುವ ಗಾಡಿಯನ್ನೂ ಅದರ ಪಾಡಿಗೆ ಬಿಡಲಾಗುತ್ತಿರಲಿಲ್ಲ. ಬಾನೆಟ್ ಎತ್ತಿ, ಗಾಳಿ ಎಳೆಯುವ ಕೊಳವೆಗೆ ಅಂಗೈ ಒಡ್ಡಿ, "ದಮ್ ಸಾಲ್ತಿಲ್ಲ ಮಗಾ" ಅನ್ನುತ್ತಿದ್ದರು.

ಅವರ ಹೆಂಡತಿ ತಮ್ಮ ಪುಟ್ಟ ಕಾರಿನಲ್ಲಿ ಇಂದಿರಾನಗರದ ಆಫೀಸುಗಳಿಗೆ ಊಟದ ಕ್ಯಾರಿಯರ್ ಮುಟ್ಟಿಸುತ್ತಿದ್ದರು. ಮನೆ ನಡೆಯುತ್ತಿದ್ದುದೇ ಅದರಿಂದ. ಒಂದು ಶನಿವಾರ ಮೆಕ್ಯಾನಿಕ್ ಶಿವಾಜಿನಗರದ ಗುಜರಿಯಿಂದ ಸೂಪರ್‌ಚಾರ್ಜರ್ ತಂದು ಅದೇ ಕಾರಿಗೆ ಕೂರಿಸಿದರು. ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ ಅದು.

ಭಾನುವಾರ ನನ್ನನ್ನೂ ಹತ್ತಿಸಿಕೊಂಡು ಕೆ.ಆರ್. ಪುರದ ತೂಗುಸೇತುವೆಗೆ ಹೊರಟರು. ಏರಿನಲ್ಲಿ ಕಾರು ಹಾರಿದಂತೆ ಹೋಯಿತು. ಅಷ್ಟರಲ್ಲೇ ಇಂಜಿನ್ನಿನೊಳಗೆ ಕಟಕಟ ಸದ್ದು ಶುರುವಾಯಿತು.

"ಸಾಕಣ್ಣಾ, ನಿಲ್ಸಿ!"

"ಇನ್ನೊಂಚೂರು ತಡಿ ಮಗಾ, ಈಗ ಉಸಿರಾಡ್ತಿದೆ."

ಸೇತುವೆ ಇಳಿಯುವ ಮೊದಲೇ ಇಂಜಿನ್ ಹೊಗೆ ಕಾರಿ ನಿಂತಿತು. ಬಿಚ್ಚಿ ನೋಡಿದರೆ, ತುಂಬಿದ ಗಾಳಿಯ ಒತ್ತಡ ತಾಳಲಾರದೆ ಪಿಸ್ಟನ್ ತೂತಾಗಿತ್ತು.

ಸೋಮವಾರ ಹೆಂಡತಿ ಪಕ್ಕದ ಮನೆಯ ಸ್ಕೂಟರ್ ಕೇಳಿ ತಂದು, ಹಿಡಿಸಿದಷ್ಟು ಕ್ಯಾರಿಯರ್ ಕಟ್ಟಿದರು. ಇನ್ನರ್ಧ ಕ್ಯಾರಿಯರ್ ಜಗಲಿಯ ಮೇಲೇ ಉಳಿದವು. ಸ್ಕೂಟರ್ ಸ್ಟಾರ್ಟ್ ಆದದ್ದೇ ತಡ, ಮೆಕ್ಯಾನಿಕ್ ಅದರ ಪಕ್ಕ ಬಗ್ಗಿ ಕಿವಿಗೊಟ್ಟರು.

"ಮುಟ್ಟಿದ್ರೆ ನೋಡಿ ಮತ್ತೆ!" ಎಂದು ಹೆಂಡತಿ ಗದರಿದರು. "ಉಳಿದಿದ್ದನ್ನ ಎತ್ಕೊಂಡು ನಡ್ಕೊಂಡ್ ಬನ್ರೀ. ನಿಧಾನಕ್ಕೆ, ಸಾರು ಚೆಲ್ಲತ್ತೆ."