ಪೊಳಲಿಗೆ ಹೊರಟ ಮಾಡು

ಅಕ್ಕನ ಮನೆಯ ಮಾಡು, ಅಂದರೆ ಮೇಲಿನ ಚಾವಣಿ, ಇಪ್ಪತ್ತನಾಲ್ಕು ಕಿಲೋಮೀಟರ್ ದೂರ ಸರಿಯುತ್ತದೆ ಎಂದು ಲೆಕ್ಕ ಹಾಕಿ ಕೊಟ್ಟವನು ನಾನೇ. ಇದನ್ನು ನಮ್ಮ ನೆಂಟರಲ್ಲಿ ಯಾರೂ ಮರೆತಿಲ್ಲ. ಮರೆಯಲು ಅಕ್ಕ ಬಿಟ್ಟೂ ಇಲ್ಲ.

ನನ್ನ ಮನೆ ತೋಡಾರಿನಲ್ಲಿ. ಮೂಡುಬಿದಿರೆ ಕಡೆಯ ಒಂದು ಕಾಲೇಜಿನಲ್ಲಿ ಸಿವಿಲ್ ಇಂಜಿನಿಯರಿಂಗ್ ಪಾಠ ಮಾಡುತ್ತೇನೆ. ಕಬ್ಬಿಣದ ಪೈಪುಗಳನ್ನು ತ್ರಿಕೋನ ತ್ರಿಕೋನವಾಗಿ ಜೋಡಿಸಿದ ಟ್ರಸ್ಸಿನಲ್ಲಿ ಯಾವ ಪೈಪಿಗೆ ಎಷ್ಟು ಬಲ ಬೀಳುತ್ತದೆ, ಯಾವ ಜಾಯಿಂಟ್ ಎಷ್ಟು ಸರಿಯುತ್ತದೆ ಎಂದು ಮ್ಯಾಟ್ರಿಕ್ಸ್ ಹಾಕಿ ಬಿಡಿಸುವುದು ನನ್ನ ವಿಷಯ. ಇಪ್ಪತ್ತು ವರ್ಷಗಳಿಂದ ಬೋರ್ಡಿನ ಮೇಲೆ ಬಿಡಿಸುತ್ತಲೇ ಇದ್ದೇನೆ. ನಿಜವಾದ ಟ್ರಸ್ಸನ್ನು ಹತ್ತಿರ ನಿಂತು ನೋಡಿದ್ದು ಕಡಿಮೆ, ಹತ್ತಿದ್ದಂತೂ ಇಲ್ಲ. ಏಣಿಯ ನಾಲ್ಕನೇ ಮೆಟ್ಟಿಲಿಗೇ ನನಗೆ ತಲೆ ತಿರುಗುತ್ತದೆ.

ಅಕ್ಕನ ಗಂಡ, ನನ್ನ ಭಾವ, ಮಸ್ಕತ್ತಿನಲ್ಲಿ ಹೋಟೆಲು ನಡೆಸಿ ಬಂದು ವಿಟ್ಲದ ಹತ್ತಿರ ಟೆರೇಸಿನ ಮನೆ ಕಟ್ಟಿಸಿದವರು. ಮೊದಲ ಮಳೆಗಾಲಕ್ಕೇ ಸ್ಲ್ಯಾಬ್ ಸೋರಿ ನೀರು ನೇರವಾಗಿ ಅವರ ಹಾಸಿಗೆಗೆ ಬಿತ್ತು. ಅಂದಿನಿಂದ ಅವರಿಗೆ ಆ ಸ್ಲ್ಯಾಬೇ ಒಂದು ಮಗು. ಅದಕ್ಕೆ ಮೂರು ಸಲ ಮದ್ದು ಬಳಿಸಿದರು. ಕೊನೆಗೆ ಊರವರೆಲ್ಲ ಮಾಡುವಂತೆ ಟೆರೇಸಿನ ಮೇಲೆ ಟ್ರಸ್ ನಿಲ್ಲಿಸಿ ಶೀಟಿನ ಮಾಡು ಹಾಕಿಸಿದರು. ಕೆಲಸ ಬೆಳ್ತಂಗಡಿಯ ಒಬ್ಬ ವೆಲ್ಡರನದ್ದು. ಮಗಳ ನಿಶ್ಚಿತಾರ್ಥ ಅದರ ಅಡಿಯಲ್ಲೇ, ನೂರು ಜನರ ಎದುರು ಎಂದು ತೀರ್ಮಾನವೂ ಆಯಿತು.

"ಭಾವ, ನೀವೊಮ್ಮೆ ಲೆಕ್ಕ ಮಾಡಿ ಆಗಬಹುದು ಅಂತ ಹೇಳಿದ್ರೆ ಸಾಕು" ಎಂದು ಅವರ ಫೋನು ಬಂತು. ನಾವಿಬ್ಬರೂ ಒಬ್ಬರನ್ನೊಬ್ಬರು ಕರೆಯುವುದು ಭಾವ ಎಂದೇ. ನನ್ನ ಡಿಗ್ರಿಯನ್ನು ನೋಡಿ ಕೇಳುತ್ತಿದ್ದಾರೆ ಎಂದು ನಾನು ಉಬ್ಬಿದೆ. "ನೀವು ಸೋದರಮಾವ ಅಲ್ವಾ, ನೀವು ಒಪ್ಪದೆ ನಮ್ಮಲ್ಲಿ ಎಂತ ಆಗ್ತದೆ?" ಎಂದು ಅವರೇ ಆ ಗಾಳಿ ತೆಗೆದರು. ನಮ್ಮವರಲ್ಲಿ ತಾಯಿಯ ತಮ್ಮನ ಮಾತು ದೊಡ್ಡದು, ನಿಶ್ಚಿತಾರ್ಥದ ವೀಳ್ಯ ತೆಗೆದುಕೊಳ್ಳುವವನೂ ಅವನೇ. ನಾನು ದರ್ಜಿಯಾಗಿದ್ದರೂ ಆ ಮಾಡನ್ನು ನಾನೇ ಒಪ್ಪಬೇಕಿತ್ತು.

ವಾಟ್ಸಾಪಿನಲ್ಲಿ ಬಂದ ಎರಡು ಫೋಟೋ ಮತ್ತು ವೆಲ್ಡರ್ ಹೇಳಿದ ಅಳತೆ ಇಟ್ಟುಕೊಂಡು ಕುಳಿತೆ. ಕೆಲಸ ಕಷ್ಟದ್ದಲ್ಲ. ಪ್ರತಿ ಪೈಪನ್ನೂ ಒಂದು ಗಟ್ಟಿ ಸ್ಪ್ರಿಂಗ್ ಎಂದುಕೊಂಡು ಅದರ ಬಿಗಿತನವನ್ನು ಒಂದು ಸಣ್ಣ ಮ್ಯಾಟ್ರಿಕ್ಸಿನಲ್ಲಿ ಬರೆಯಬೇಕು. ಎಲ್ಲವನ್ನೂ ಅವುಗಳ ಜಾಗದಲ್ಲಿ ಕೂಡಿಸಿದರೆ ಇಡೀ ಟ್ರಸ್ಸಿನ ದೊಡ್ಡ ಮ್ಯಾಟ್ರಿಕ್ಸ್ ಸಿಗುತ್ತದೆ. ಪೈಪಿನ ಸಂಬಂಧ ಇರುವ ಜಾಯಿಂಟುಗಳ ನಡುವೆ ಅಂಕೆ, ಸಂಬಂಧ ಇಲ್ಲದ ಕಡೆ ಸೊನ್ನೆ. ಮದುವೆಗೆ ಯಾರ ಮನೆಗೆ ಹೋಗಿ ಕರೆಯಬೇಕು, ಯಾರಿಗೆ ಬರೀ ಮೆಸೇಜು ಸಾಕು ಎಂದು ಅಕ್ಕ ಪಟ್ಟಿ ಮಾಡುವುದೂ ಹೀಗೆಯೇ. ಕೊನೆಗೆ ಒಂದು ಮುಖ್ಯ ಕೆಲಸ ಉಳಿಯುತ್ತದೆ. ಮಾಡು ಕೆಳಗೆ ಎಲ್ಲೆಲ್ಲಿ ಕಚ್ಚಿಕೊಂಡಿದೆ, ಅಂದರೆ ಎಲ್ಲಿ ಸ್ವಲ್ಪವೂ ಸರಿಯುವುದಿಲ್ಲ ಎಂದು ಆ ಜಾಗಕ್ಕೆ ಸೊನ್ನೆ ಹಾಕಿ ಕಂಪ್ಯೂಟರಿಗೆ ಹೇಳಬೇಕು. ಹೇಳದಿದ್ದರೆ ಅದರ ಪಾಲಿಗೆ ಮಾಡು ಆಕಾಶದಲ್ಲಿ ತೇಲುತ್ತಿರುತ್ತದೆ, ಮುಟ್ಟಿದರೆ ಹೋಯಿತು. ಇದನ್ನು ಮರೆತ ವಿದ್ಯಾರ್ಥಿಗೆ ನಾನು ಕ್ಲಾಸಿನಲ್ಲೇ ಮಂಗಳಾರತಿ ಮಾಡುತ್ತೇನೆ.

ನಾನು ಮರೆತೆ. ಮರೆತದ್ದಷ್ಟೇ ಅಲ್ಲ, ಬಂದ ಹನ್ನೆರಡು ಹಾಳೆಯ ಪ್ರಿಂಟನ್ನು ನೋಡದೆ ಮಡಚಿ ಚೀಲಕ್ಕೆ ಹಾಕಿ, ಭಾನುವಾರ ಬಂಟ್ವಾಳಕ್ಕೆ ಹೋಗಿ ಬಸ್ಸು ಬದಲಿಸಿ ವಿಟ್ಲಕ್ಕೆ ಹೋದೆ.

ಭಾವ ಕನ್ನಡಕ ಏರಿಸಿ ಕೊನೆಯ ಹಾಳೆಯನ್ನೇ ಮೊದಲು ಓದಿದರು. ಹೋಟೆಲಿನವರು, ಕೆಳಗಿನ ಮೊತ್ತ ನೋಡುವುದು ಅಭ್ಯಾಸ. "ಭಾವ, ಈ ಒಂಬತ್ತನೇ ಜಾಯಿಂಟ್ ಇಪ್ಪತ್ತನಾಲ್ಕು ಕಿಲೋಮೀಟರ್ ಮುನ್ನೂರು ಮೀಟರ್ ಹೋಗ್ತದಲ್ಲ, ಎಲ್ಲಿಗೆ?"

ಒಂದು ಸಣ್ಣ ತಪ್ಪಾಗಿದೆ ಎಂದು ವಿವರಿಸತೊಡಗಿದೆ. ಅಷ್ಟರಲ್ಲಿ ಅವರು ಮೊಬೈಲಿನಲ್ಲಿ ಮ್ಯಾಪ್ ತೆರೆದು, ಟ್ರಸ್ ಮುಖ ಮಾಡಿದ ದಿಕ್ಕಿಗೆ ಬೆರಳಿನಲ್ಲಿ ಗೆರೆ ಎಳೆದು ಅಳೆದಾಗಿತ್ತು. "ಪೊಳಲಿ" ಎಂದರು.

ಅಕ್ಕ ಕಾಫಿ ಲೋಟವನ್ನು ಅಲ್ಲೇ ಇಟ್ಟಳು. "ಹರಕೆ!" ಎಂದಳು. ಮಗಳಿಗೆ ಸಂಬಂಧ ಕೂಡಿ ಬಂದರೆ ಪೊಳಲಿಗೆ ಬಂದು ದೇವಿಗೆ ಸೀರೆ ಕೊಡುತ್ತೇನೆ ಎಂದು ಹೇಳಿಕೊಂಡಿದ್ದಳಂತೆ. ಗಡಿಬಿಡಿಯಲ್ಲಿ ಮರೆತೇ ಹೋಗಿತ್ತು.

"ಅಕ್ಕ, ಅದು ಹರಕೆ ಅಲ್ಲ. ನಾನು ಸಪೋರ್ಟಿನ ಸೊನ್ನೆ ಹಾಕ್ಲಿಲ್ಲ ಅಷ್ಟೇ."

"ನೀನು ಯಾವಾಗಾದ್ರೂ ಅದನ್ನು ಮರೆತದ್ದುಂಟಾ?"

"ಇಲ್ಲ."

"ಈ ಸಲ ಯಾಕೆ ಮರೆತೆ ಮತ್ತೆ? ಮರೆಸಿದ್ದು ಯಾರು ಮಾರಾಯ?"

ಮರುದಿನ ಅವರಿಬ್ಬರೂ ಸೀರೆ ಹಿಡಿದು ಪೊಳಲಿಗೆ ಹೋದರು. ನಾನು ಕಾಲೇಜಿಗೆ ಹೋಗಿ ಆರು ಕಂಬಗಳ ಬುಡಕ್ಕೂ ಸೊನ್ನೆ ಹಾಕಿ ಮತ್ತೆ ಓಡಿಸಿದೆ. ನಮ್ಮ ಕಡೆಯ ಗಾಳಿ ಜೋರಾಗಿ ಬೀಸಿದರೂ ಮಾಡು ಸರಿಯುವುದು ನಾಲ್ಕು ಮಿಲಿಮೀಟರ್ ಎಂದು ಬಂತು. ಫೋನಿನಲ್ಲಿ ತಿಳಿಸಿ ಹೊಸ ಹಾಳೆಯನ್ನೂ ಕಳಿಸಿದೆ. "ನೋಡಿದ್ರಾ, ಹರಕೆ ತೀರಿಸಿದ ಕೂಡ್ಲೇ ಇಪ್ಪತ್ತನಾಲ್ಕು ಕಿಲೋಮೀಟರ್ ಹೋಗಿ ನಾಲ್ಕು ಮಿಲಿಮೀಟರ್ ಆಯ್ತು" ಎಂದರು ಭಾವ. ಇಪ್ಪತ್ತು ವರ್ಷ ಪಾಠ ಮಾಡಿದ್ದಕ್ಕೆ ಒಂದು ಮಾತಿನ ಶಾಭಾಸಿಯೂ ಇಲ್ಲ. ನನಗೆ ಎಷ್ಟು ಸಿಟ್ಟು ಬಂತೆಂದರೆ ಎರಡು ದಿನ ಅಕ್ಕನ ಫೋನು ಎತ್ತಲಿಲ್ಲ.

ನಿಶ್ಚಿತಾರ್ಥದ ಮುಂಚಿನ ದಿನ ಮಧ್ಯಾಹ್ನ ವಿಟ್ಲಕ್ಕೆ ತಲುಪಿದೆ. ಟೆರೇಸಿನಲ್ಲಿ ವೆಲ್ಡರ್ ಫ್ಯಾನಿಗೆ ಕೊಕ್ಕೆ ಹಾಕುತ್ತಿದ್ದ. ಮಾಡು ಚಂದವಾಗಿ ಕಂಡಿತು. ಚಪ್ಪಲಿಗೆ ಸಿಕ್ಕಿದ ಕಲ್ಲು ತೆಗೆಯಲೆಂದು ಒಂದು ಕಂಬಕ್ಕೆ ಒರಗಿದೆ. ಕಂಬ ಹಿಂದಕ್ಕೆ ಸರಿದು ನನಗೆ ಜಾಗ ಬಿಟ್ಟುಕೊಟ್ಟಿತು.

ಬಗ್ಗಿ ನೋಡಿದೆ. ಕಂಬದ ಬುಡದ ಕಬ್ಬಿಣದ ಪ್ಲೇಟಿನಲ್ಲಿ ಬೋಲ್ಟಿಗೆಂದು ನಾಲ್ಕು ತೂತು. ನಾಲ್ಕೂ ಖಾಲಿ. ಉಳಿದ ಐದು ಕಂಬಗಳದ್ದೂ ಅದೇ ಕಥೆ. ಇಡೀ ಮಾಡು ಊಟದ ಮೇಜಿನಂತೆ ಸ್ಲ್ಯಾಬಿನ ಮೇಲೆ ಸುಮ್ಮನೆ ನಿಂತಿತ್ತು.

"ಧಣಿಗಳು ಸ್ಲ್ಯಾಬಿಗೆ ಡ್ರಿಲ್ ತಾಗಿಸ್ಲಿಕ್ಕೆ ಬಿಡ್ಲಿಲ್ಲ ಸಾರ್" ಎಂದ ವೆಲ್ಡರ್. "ನಾನು ಹೇಳಿದೆ. ಭಾವನವರ ಕಂಪ್ಯೂಟರ್ ಪಾಸ್ ಮಾಡಿದೆ, ನಿನ್ನದೆಂತ ಅಂತ ಕೇಳಿದ್ರು."

ಭಾವನನ್ನು ಕೂಗಿ ಕರೆದೆ. ಅವರಿಗೆ ನನ್ನ ಸಿಟ್ಟೇ ಅರ್ಥವಾಗಲಿಲ್ಲ. "ತೂತು ಹಾಕಿದ್ರೆ ಸೋರ್ತದೆ ಭಾವ. ತೂತಿಲ್ಲದೆಯೇ ನಾಲ್ಕು ಮಿಲಿಮೀಟರ್ ಬಂದಿದೆಯಲ್ಲ?"

"ಶೀಟಿನ ಮಾಡಿಗೆ ಭಾರದ್ದಲ್ಲ ಭಯ, ಗಾಳಿದು! ಅಡಿಯಿಂದ ಎತ್ತಿದ್ರೆ ಹಾರ್ತದೆ. ಇಲ್ಲಿ ಬೋಲ್ಟ್ ಉಂಟು ಅಂತ ನಾನು ಲೆಕ್ಕದಲ್ಲಿ ಬರೆದದ್ದು!"

"ನೀವು ಮೇಲೆ ಹತ್ತಿ ನೋಡದೆ ಹೇಗೆ ಬರೆದ್ರಿ?"

ಆ ಮಾತು ನಾಟಿತು. ನಾನು ಬೋರ್ಡಿನ ಮೇಲೆ ಇಪ್ಪತ್ತು ವರ್ಷ ಸೊನ್ನೆ ಬರೆದವನು. ಆ ಸೊನ್ನೆಯನ್ನು ಸ್ಲ್ಯಾಬಿನ ಮೇಲೆ ಯಾರೋ ಒಬ್ಬ ಮೊಣಕಾಲೂರಿ ಕುಳಿತು ಕೊರೆಯಬೇಕು ಎಂದು ಒಂದು ದಿನವೂ ಯೋಚಿಸಿದವನಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ನಾಳೆ ನೂರು ಜನ, ನಡುವೆ ಅಕ್ಕನ ಮಗಳು, ಮೇಲೆ ನಾನು ಒಪ್ಪಿದ ಮಾಡು.

"ಕೊರೆಯದಿದ್ರೆ ನಾಳೆ ಇದರ ಅಡಿಯಲ್ಲಿ ನಾನು ವೀಳ್ಯ ತೆಗೆದುಕೊಳ್ಳುವುದಿಲ್ಲ" ಎಂದೆ. ಇಂಜಿನಿಯರ್ ಹೇಳಿದ್ದನ್ನು ಭಾವ ತಳ್ಳಿಹಾಕುತ್ತಿದ್ದರೋ ಏನೋ. ಸೋದರಮಾವ ಹೇಳಿದ್ದಕ್ಕೆ ಅಕ್ಕ ಮೆಟ್ಟಿಲ ಬಾಯಲ್ಲಿ ನಿಂತು "ಕೊರೆಯಿರಿ" ಎಂದಳು.

ವೆಲ್ಡರ್ ಕೊರೆದ. ಭಾವ ಕೆಳಗೆ ಹಾಲಿನಲ್ಲಿ ಕಣ್ಣು ಮುಚ್ಚಿ ಕುಳಿತು ತೂತು ಎಣಿಸಿದರು. ಆರು ಕಂಬ, ಕಂಬಕ್ಕೆ ನಾಲ್ಕು. ಎಲ್ಲ ಮುಗಿದು ನಾನು ಕೆಳಗಿಳಿದರೆ ಗಂಡ ಹೆಂಡತಿ ಇಬ್ಬರೂ ನನ್ನನ್ನು ಒಂದು ಥರ ನೋಡುತ್ತಿದ್ದರು.

"ಇಪ್ಪತ್ತನಾಲ್ಕು" ಎಂದರು ಭಾವ.

ಒಂದು ಕಡೆ ಡ್ರಿಲ್ಲು ಸ್ಲ್ಯಾಬಿನೊಳಗಿನ ಕಬ್ಬಿಣದ ಕಂಬಿಗೆ ತಾಗಿ, ಅರ್ಧಕ್ಕೆ ಬಿಟ್ಟು, ಪ್ಲೇಟಿಗೂ ಪಕ್ಕದಲ್ಲಿ ಬೇರೆ ತೂತು ಮಾಡಬೇಕಾಯಿತು ಎಂದು ನಾನು ಹೇಳಬಾರದಿತ್ತು. "ಆ ಅರ್ಧ ತೂತು ಮುನ್ನೂರು ಮೀಟರಿನದ್ದು" ಎಂದು ಅಕ್ಕ ತೀರ್ಪು ಕೊಟ್ಟಳು.

ಮರುದಿನ ಹುಡುಗನ ಕಡೆಯವರಿಂದ ನಾನು ವೀಳ್ಯದ ತಟ್ಟೆ ತೆಗೆದುಕೊಳ್ಳುವ ಹೊತ್ತಿಗೆ ಸರಿಯಾಗಿ ಗಾಳಿ ಎದ್ದಿತು. ಶೀಟುಗಳು ದಡಬಡ ಎಂದವು. ನೂರು ಜನ ಮೇಲೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ತಟ್ಟೆ ಹಿಡಿದು ಕಂಬದ ಬುಡವನ್ನೇ ನೋಡುತ್ತಾ ನಿಂತೆ. ಕಂಬ ಅಲುಗಲಿಲ್ಲ.

ಮಳೆಗಾಲದಲ್ಲಿ ಸ್ಲ್ಯಾಬ್ ಸೋರಿತು, ಆ ಅರ್ಧ ತೂತಿನಲ್ಲಿ. ಈಗ ನಾನು ಹೋದಾಗಲೆಲ್ಲ ಹಾಲಿನಲ್ಲಿ ಬಕೆಟಿನ ಪಕ್ಕದ ಕುರ್ಚಿಯೇ ನನಗೆ. ಭಾವ ಬಂದವರಿಗೆಲ್ಲ "ಇದು ನಮ್ಮ ಭಾವನವರು ಮಾಡಿಸಿದ ಸೋರು" ಎಂದು ಪರಿಚಯಿಸುತ್ತಾರೆ.

ಹೋದ ವಾರ ಅಕ್ಕನ ದೇವರ ಕೋಣೆಯಲ್ಲಿ ಆ ಪ್ರಿಂಟು ಕಂಡಿತು. ಅರಿಶಿನ ಹಚ್ಚಿ ದೀಪದ ಪಕ್ಕ ಇಟ್ಟಿದ್ದಾಳೆ. ತೆಗೆದು ನೋಡಿದರೆ ನಾನು ತಿದ್ದಿ ಕೊಟ್ಟದ್ದಲ್ಲ, ಮೊದಲಿನದ್ದೇ, ಇಪ್ಪತ್ತನಾಲ್ಕು ಕಿಲೋಮೀಟರಿನದ್ದು. "ಅಕ್ಕ, ಇದು ತಪ್ಪು ಹಾಳೆ" ಎನ್ನಲು ಬಾಯಿ ತೆರೆದೆ. ಆದರೆ ಅವತ್ತು ಟೆರೇಸಿನ ಮೇಲೆ ಬೋಲ್ಟಿಲ್ಲದೆ ನಿಂತಿದ್ದ ಮಾಡಿನ ಬಗ್ಗೆ ನಿಜ ಹೇಳಿದ್ದು ಆ ಹಾಳೆಯೊಂದೇ. ಅದನ್ನು ಮಡಚಿ ಮತ್ತೆ ಅಲ್ಲೇ ಇಟ್ಟು ನಾನೂ ಕೈಮುಗಿದೆ.